ಹೊನ್ನಕ್ಕನ ಮೂರು ಕೂಗಿನ ಹಾಜರಿ

ಹಾಸನದಿಂದ ಹೊಳೆನರಸೀಪುರದ ರಸ್ತೆಯಲ್ಲಿ ಮೊಸಳೆ ದಾಟಿ ಒಳಕ್ಕೆ ತಿರುಗಿದರೆ ಬಿಲ್ಲೇಕೊಪ್ಪಲು ಸಿಗುತ್ತದೆ. ಅಲ್ಲಿಯ ಅಂಗನವಾಡಿಯಲ್ಲಿ ಬೆಳಿಗ್ಗೆ ಹಾಜರಿ ಕರೆಯುವುದನ್ನು ಹೊಸಬರು ಯಾರಾದರೂ ಕೇಳಿದರೆ ಟೀಚರಿಗೆ ಕಿವಿ ಮಂದ ಇರಬೇಕು ಅಂದುಕೊಳ್ಳುತ್ತಾರೆ. ಒಂದೊಂದು ಹೆಸರನ್ನೂ ಹೊನ್ನಕ್ಕ ಮೂರು ಸಲ ಕೂಗುತ್ತಾಳೆ. ಮಗು ಎದುರಿಗೇ ಕೂತು ಮೂಗಿನಲ್ಲಿ ಬೆರಳಿಟ್ಟುಕೊಂಡಿದ್ದರೂ ಅಷ್ಟೆ. ಮೊದಲ ಕೂಗಿಗೆ ಯಾವ ಮಗುವೂ ಬಾಯಿ ಬಿಡುವುದಿಲ್ಲ, ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ‘ಬಂದೇ ಮಿಸ್!’

ಒಮ್ಮೆ ಹಾಸನದಿಂದ ತಪಾಸಣೆಗೆ ಬಂದ ಮೇಲ್ವಿಚಾರಕಿ ಇದನ್ನು ಕೇಳಿ ನಕ್ಕುಬಿಟ್ಟರು.

“ಏನ್ರೀ ಹೊನ್ನಕ್ಕ, ಇಪ್ಪತ್ತೆರಡು ಮಕ್ಕಳಿಗೆ ಅರವತ್ತಾರು ಸಲ ಕೂಗ್ತೀರಲ್ಲ, ಗಂಟಲು ನೋಯಲ್ವಾ?”

“ರೂಢಿ ಆಗ್ಬುಟ್ಟದೆ ಮೇಡಂ.”

“ಇದು ಯಾವ ಸಿಲಬಸ್ಸಲ್ಲಿದೆ?”

“ನಮ್ಮೂರ ಸಿಲಬಸ್ಸು ಮೇಡಂ” ಎಂದಳು ಹೊನ್ನಕ್ಕ. ಅವಳು ನಗಲಿಲ್ಲ.

ಹೊನ್ನಕ್ಕನಿಗೆ ಆ ಕೆಲಸ ಸಿಕ್ಕಿ ಇಪ್ಪತ್ತೈದು ವರ್ಷ ದಾಟಿದೆ. ಮೂರು ಸಲ ಕೂಗುವ ರೂಢಿ ಮಾತ್ರ ಈಚಿನದು. ಅವಳು ಊರ ಹೊರಗಿನ ಕಾಲೊನಿಯವಳು. ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಮೊದಲ ಹೆಣ್ಣು. ಗಂಡ ದ್ಯಾವಯ್ಯ ಊರಿನ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ತಮಟೆ ಬಾರಿಸುವವನು. ಮೊದಲ ವರ್ಷ ಗೌಡರ ಬೀದಿಯ ತಾಯಂದಿರು ಮಕ್ಕಳ ಕೈಗೆ ಡಬ್ಬಿ ಕೊಟ್ಟು ಕಳಿಸುತ್ತಿದ್ದರು, ಅವಳು ಮಾಡಿದ ಉಪ್ಪಿಟ್ಟು ತಿನ್ನದಿರಲಿ ಎಂದು. ಮಕ್ಕಳು ಡಬ್ಬಿಯನ್ನು ಕಾಗೆಗೆ ಹಾಕಿ ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕಿದವು. ಆ ವಿಚಾರ ಅಲ್ಲಿಗೇ ಮುಗಿಯಿತು. ಯಾರೂ ಅದನ್ನು ಬಾಯಿ ಬಿಟ್ಟು ಆಡಲಿಲ್ಲ.

ಹೊನ್ನಕ್ಕನ ನಿಜವಾದ ವಿದ್ಯೆ ಮಕ್ಕಳನ್ನು ಮಲಗಿಸುವುದು. ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿ, ನಡುವೆ ಕೂತು, ಬೆಳಗಿನ ಹಾಜರಿ ಪಟ್ಟಿಯನ್ನೇ ತಗ್ಗಿದ ದನಿಯಲ್ಲಿ ರಾಗವಾಗಿ ಹೇಳುತ್ತಾ ಹೋಗುತ್ತಿದ್ದಳು. ಧನುಶ್ರೀ... ಕೀರ್ತಿರಾಜ... ಗೌರೀಶ... ತನ್ನ ಹೆಸರು ಬರುವವರೆಗೂ ಎಚ್ಚರವಿರಬೇಕೆಂದು ಹಟ ಮಾಡಿದ ಮಗು ಹೆಸರು ಬರುತ್ತಲೇ ಕಣ್ಣು ಮುಚ್ಚುತ್ತಿತ್ತು. ಯಾವ ಮಗುವಿಗೆ ಕಿವಿಯ ತುದಿ ಹಿಡಿಯಬೇಕು, ಯಾವುದಕ್ಕೆ ಬೆನ್ನು ನೀವಬೇಕು ಎಂಬುದು ಅವಳ ಅಂಗೈಗೆ ಗೊತ್ತಿತ್ತು.

ಮಕ್ಕಳನ್ನು ಮನೆಮನೆಯಿಂದ ಕರೆತರುವ ಕೆಲಸ ಸಹಾಯಕಿ ನಂಜಮ್ಮನದು. ಅವಳು ಬೆಳಿಗ್ಗೆ ಬೀದಿಯ ಆ ತುದಿಯಿಂದ ಶುರು ಮಾಡಿ ಒಂದೊಂದು ಬಾಗಿಲಲ್ಲೂ ನಿಂತು, ಸಣ್ಣಗೆ ಕೆಮ್ಮಿ, “ಧನೂ... ಬಾರವ್ವಾ” ಎಂದು ಎರಡು ಸಲ ಕೂಗುತ್ತಿದ್ದಳು. ಬಂದರೆ ಬಂತು, ಇಲ್ಲದಿದ್ದರೆ ಮುಂದಿನ ಮನೆ. “ಮೂರ್ನೇ ಸಲ ಕೂಗುದ್ರೆ ತಲೆ ಮ್ಯಾಲ್ ಕೂತ್ಕತ್ತವೆ ಕಣ್ ಒನ್ನಕ್ಕ” ಎನ್ನುತ್ತಿದ್ದಳು. ಗೌಡರ ಬೀದಿಯ ಬೆಟ್ಟಮ್ಮನ ಮನೆಯ ಸೊಸೆ ಮೇಘಶ್ರೀ, ಮೈಸೂರಿನಲ್ಲಿ ಓದಿ ಬಂದವಳು, ತನ್ನ ಮಗಳು ಅನುಶ್ರೀಯನ್ನು ಹಾಸನದ ಕಾನ್ವೆಂಟಿಗೇ ಸೇರಿಸಬೇಕೆಂದು ಅಂಗನವಾಡಿಗೆ ಕಳಿಸಿರಲಿಲ್ಲ. ನಂಜಮ್ಮ ಆ ಬಾಗಿಲನ್ನೂ ಬಿಡುತ್ತಿರಲಿಲ್ಲ. ಎರಡು ಸಲ ಕೂಗಿಯೇ ಮುಂದಕ್ಕೆ ಹೋಗುತ್ತಿದ್ದಳು.

ಆಮೇಲೆ ಕೊರೋನಾ ಬಂತು. ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಅಂಗನವಾಡಿಗೆ ಬೀಗ ಬಿತ್ತು.

ಹೊನ್ನಕ್ಕನ ಕೆಲಸ ಬಾಗಿಲಿಂದ ಬಾಗಿಲಿಗೆ ಆಯಿತು. ಮಕ್ಕಳ ಪಾಲಿನ ಅಕ್ಕಿ, ಬೇಳೆ, ಹಾಲಿನ ಪುಡಿ ಹೊತ್ತು ಮನೆಮನೆಗೆ ಹೋಗಿ, ಜಗಲಿಯಲ್ಲಿಟ್ಟು ಹಿಂದಕ್ಕೆ ಸರಿದು ನಿಲ್ಲಬೇಕು. ಮೊದಮೊದಲು ಮಕ್ಕಳು “ಮಿಸ್” ಎಂದು ಓಡಿ ಬರುತ್ತಿದ್ದವು, ತಾಯಂದಿರು ರಟ್ಟೆ ಹಿಡಿದು ಎಳೆಯುತ್ತಿದ್ದರು. ದೀಪಾವಳಿ ಹೊತ್ತಿಗೆ ಓಡಿ ಬರುವುದು ನಿಂತಿತು. ಮರುವರ್ಷದ ಯುಗಾದಿ ಹೊತ್ತಿಗೆ ತಲೆ ಎತ್ತುವುದೂ ನಿಂತಿತು. ಬಾಗಿಲಲ್ಲಿ ನಿಂತು ಇಣುಕಿದರೆ ಒಳಗಿನ ಕತ್ತಲಲ್ಲಿ ಒಂದು ಪುಟ್ಟ ಮುಖ ನೀಲಿಯಾಗಿ ಹೊಳೆಯುತ್ತಿತ್ತು, ಅದರ ಸುತ್ತ ಏನೂ ಕಾಣುತ್ತಿರಲಿಲ್ಲ. ಅಂಗಳಗಳಲ್ಲಿ ಹೆಜ್ಜೆ ಗುರುತಿಲ್ಲ. ತೂಕ ಹಾಕಿದರೆ ಎರಡು ಕಿಲೋ ಹೆಚ್ಚು, ನಿಲ್ಲಿಸಿದರೆ ಕಾಲು ನಡುಗುತ್ತಿತ್ತು.

ಅನುಶ್ರೀಯನ್ನು ಹದಿಮೂರು ತಿಂಗಳು ಹೊಸಿಲು ದಾಟಿಸಿರಲಿಲ್ಲ. ಮೇಘಶ್ರೀ ಹಾಲಿನ ಪುಡಿಯ ಪೊಟ್ಟಣವನ್ನೂ ಸೋಪಿನ ನೀರಲ್ಲಿ ಅದ್ದಿ ಒಳಗಿಡುವವಳು. ಒಂದು ದಿನ ಹೊನ್ನಕ್ಕ ಕಿಟಕಿಯ ಆಚೆ ನಿಂತು ಕೈ ಬೀಸಿದಾಗ ಆ ಮಗು ಎದ್ದು ಬಂತು. ಸರಳುಗಳ ನಡುವೆ ಕೈ ತೂರಿಸಿ, ಹೆಬ್ಬೆರಳು ತೋರುಬೆರಳನ್ನು ಜೋಡಿಸಿ, ಹೊನ್ನಕ್ಕನ ಮುಖದ ನೇರಕ್ಕೆ ಗಾಳಿಯಲ್ಲಿ ಅಗಲಿಸಿತು. ಇನ್ನೊಮ್ಮೆ ಅಗಲಿಸಿತು. ಮುಖ ದೊಡ್ಡದಾಗಲಿಲ್ಲ. ಮಗು ಬೇಸರಪಟ್ಟು ಹೊರಟುಹೋಯಿತು. ಹೊನ್ನಕ್ಕನಿಗೆ ತಾನು ಅಲ್ಲಿ ನಿಂತೇ ಇಲ್ಲವೇನೋ ಅನ್ನಿಸಿತು.

“ಬೆಳಗಿನ ಜಾವ ನಾಲ್ಕಾದ್ರೂ ಕಣ್ಣು ಮುಚ್ಚಲ್ಲ ಮಿಸ್,” ಎಂದಳು ಮೇಘಶ್ರೀ, ಮಾಸ್ಕಿನ ಒಳಗಿಂದಲೇ. “ಫೋನ್ ಕಿತ್ಕೊಂಡ್ರೆ ಉಸಿರು ಕಟ್ಟೋ ಹಾಗೆ ಅಳುತ್ತೆ. ಕೊಟ್ರೆ ಕಣ್ಣು ಹೋಗುತ್ತೆ ಅಂತ ಭಯ. ನಾನೇನ್ ಮಾಡ್ಲಿ ಹೇಳಿ? ಡಾಕ್ಟ್ರಿಗೆ ತೋರ್ಸೋಣ ಅಂದ್ರೆ ಆಸ್ಪತ್ರೆ ಹತ್ರ ಹೋಗೋಕೇ ಭಯ.”

“ಒಂದ್ಗಳಿಗೆ ಅಂಗಳಕ್ ಬುಡ್ರವ್ವ. ಮಣ್ಣಲ್ಲಾಡಿ ದಣುದ್ರೆ ತಾನೇ ಮನಿಕ್ಕತ್ತದೆ.”

“ಅಯ್ಯೋ, ಬೇಡ ಮಿಸ್!”

ಒಳಗಿಂದ ಅತ್ತೆ ಬೆಟ್ಟಮ್ಮನ ದನಿ ಬಂತು. “ಆಚೆ ಓಗ್ಬಾರ್ದು ಅಂತ ನಾನೇ ಎದರ್ಸಿವ್ನಿ ಕಣ್ ಒನ್ನಕ್ಕ. ಬೀದೀಲಿ ಗುಮ್ಮ ಐತೆ, ಅದು ಎಸ್ರಿಡ್ದು ಎರಡೇ ಸಲ ಕೂಗೋದು, ಓಗೊಟ್ಯೋ ಎತ್ಕಂಡ್ ಓಯ್ತದೆ. ನಮ್ಮೋರಾದ್ರೆ ಮೂರ್ ಸಲ ಕೂಗ್ತರೆ, ಆಗ ಓಗೊಡು ಅಂತ. ನಮ್ಮವ್ವ ನಮ್ಗೂ ಅಂಗೇ ಏಳಿದ್ಲು. ನೋಡೀಗ, ಎಂಗ್ ತೆಪ್ಪಗದೆ ಮಗ!”

ಆ ಮೇ ತಿಂಗಳಲ್ಲಿ ನಂಜಮ್ಮನಿಗೆ ಜ್ವರ ಬಂತು. ಮೂರನೆಯ ದಿನ ಏದುಸಿರು. ಆಂಬುಲೆನ್ಸಿಗೆ ಹತ್ತುವಾಗ ಅವಳು ಹಿಂದಿರುಗಿ “ಮಕ್ಕಳ್ನ ನೋಡ್ಕ, ಬತ್ತೀನಿ” ಎಂದಳು. ಹಾಸನದಿಂದ ಬಂದದ್ದು ಒಂದು ಫೋನು ಮಾತ್ರ. ಹೆಣವನ್ನು ಅಲ್ಲೇ ಸುಟ್ಟರಂತೆ. ಹೊನ್ನಕ್ಕ ಅವಳ ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಅದೇ ತಿಂಗಳು ಊರಿನಲ್ಲಿ ಇನ್ನಿಬ್ಬರು ಹೋದರು.

ಊರಿನ ಹಿರಿಯ ತಿಮ್ಮಪ್ಪ ಗೌಡರು ಆಷಾಢದ ಮಂಗಳವಾರ ಹೊರಬೀಡು ಮಾಡಬೇಕೆಂದರು. ಅವರ ತಾತನ ಕಾಲದಲ್ಲಿ ಪ್ಲೇಗಿಗೆ ಮಾಡಿದ್ದಂತೆ. ಹೊತ್ತು ಮೂಡುವ ಮುಂಚೆ ಊರಿಗೆ ಊರೇ ಖಾಲಿಯಾಗಬೇಕು. ಮಕ್ಕಳು ಮರಿ, ದನ, ಕೋಳಿ, ನಾಯಿ, ಒಂದು ನರಪಿಳ್ಳೆಯೂ ಒಳಗಿರಕೂಡದು. ಒಲೆ ಉರಿಯಕೂಡದು, ದೀಪ ಹಚ್ಚಕೂಡದು, ಟ್ರಾನ್ಸ್‌ಫಾರ್ಮರಿನ ಫ್ಯೂಸೂ ತೆಗೆಯಬೇಕು. ಬಾಗಿಲುಗಳಿಗೆ ಬೀಗವಿಲ್ಲ, ತೆರೆದೇ ಇರಬೇಕು, ಒಳಗೆ ಸೇರಿಕೊಂಡದ್ದು ಹೊರಟುಹೋಗಲು. ಊರ ಬಾಯಿಗೆ ಮುಳ್ಳು ಎಳೆದು ಎಲ್ಲರೂ ಹೊಂಗೆ ತೋಪಿನಲ್ಲಿ ಅಡುಗೆ ಮಾಡಿ ಉಂಡು, ಸಂಜೆ ತಮಟೆ ಬಡಿದ ಮೇಲೆಯೇ ಮನೆಗೆ.

ಅಂದು ಕತ್ತಲಲ್ಲೇ ಬೆಟ್ಟಮ್ಮನ ಮನೆಯ ಟ್ರ್ಯಾಕ್ಟರ್ ಹೊರಟಿತು. ಮೇಘಶ್ರೀಯ ಗಂಡ ಸುದರ್ಶನ್ ಬಸ್ ಡಿಪೋ ಕೆಲಸಕ್ಕೆ ಹೋಗುವ ಅವಸರದಲ್ಲಿ ಮಗುವಿನ ಕೌದಿ, ದಿಂಬುಗಳ ಸುರುಳಿಯನ್ನು ಟ್ರೇಲರಿಗೆ ತಂದಿಟ್ಟು ಬೈಕು ಹತ್ತಿದ. ಮಗುವನ್ನು ಹೆಂಡತಿ ತರುತ್ತಾಳೆಂದು ಅವನು. ಮಗ ಎತ್ತಿ ತಂದದ್ದು ಮಗುವನ್ನೇ ಎಂದು ಬೆಟ್ಟಮ್ಮ. ಅತ್ತೆ ಕೌದಿಯ ಮೇಲೆ ಕೈಯಿಟ್ಟು ತಟ್ಟುತ್ತಾ ಕೂತಿದ್ದನ್ನು ಕಂಡು ಮೇಘಶ್ರೀಯೂ ಹಾಗೆಯೇ ಅಂದುಕೊಂಡಳು. ತೋಪಿನಲ್ಲಿ ಆ ಸುರುಳಿಯನ್ನು ಮೆಲ್ಲಗೆ ಇಳಿಸಿಕೊಂಡವನೂ “ಎಷ್ಟು ಹಗುರ” ಅನ್ನಲಿಲ್ಲ. ದಿಂಬಿನ ಜೊತೆ ಸುದರ್ಶನ್ ರಾಗಿ ಹಿಟ್ಟಿನ ಗಂಟನ್ನೂ ಅಲ್ಲೇ ತುರುಕಿದ್ದ.

“ಶ್! ಈಗ ತಾನೆ ಮಲಗಿರೋದು, ಎಬ್ಬಿಸ್ಬೇಡಿ” ಎಂದು ಮೇಘಶ್ರೀ ಹತ್ತಿರ ಬಂದವರಿಗೆಲ್ಲ ಸನ್ನೆ ಮಾಡುತ್ತಿದ್ದಳು. ಆ ಮಗುವಿನ ನಿದ್ದೆ ಎಂದರೆ ಮನೆಯಲ್ಲಿ ಅಷ್ಟು ಅಪರೂಪದ ವಸ್ತು. ಐದು ತಾಸು ಅವರು ಆ ಕೌದಿಯ ಸುತ್ತ ತುದಿಗಾಲಲ್ಲಿ ನಡೆದರು, ಪಿಸುಗುಟ್ಟಿದರು, ನೊಣ ಓಡಿಸಿದರು.

ಇಪ್ಪತ್ತೆರಡು ಮಕ್ಕಳು ತೋಪಿನಲ್ಲಿದ್ದರೂ ಹೊನ್ನಕ್ಕನಿಗೆ ಮೈನಾ ಹಕ್ಕಿಯ ಸದ್ದು ಕೇಳಿಸುತ್ತಿತ್ತು. ಮರ ಹತ್ತುವವರಿಲ್ಲ, ಜಗಳವಿಲ್ಲ. ಫೋನುಗಳನ್ನು ಕಸಿದುಕೊಂಡದ್ದಕ್ಕೆ ಐದಾರು ಮಕ್ಕಳು ಬರಿಯ ಅಂಗೈಯನ್ನು ಮುಖದೆದುರು ಹಿಡಿದು, ಹೆಬ್ಬೆರಳನ್ನು ಅದರ ಮೇಲೆ ಮೆಲ್ಲಗೆ ಸರಿಸುತ್ತಾ ಕೂತಿದ್ದವು. ಅವಳಿಗೆ ತಾಳಲಾಗಲಿಲ್ಲ. ಹಳೆಯ ರೂಢಿಯಂತೆ ತಲೆ ಮುಟ್ಟಿ ಎಣಿಸಲು ಎದ್ದಳು. ಇಪ್ಪತ್ತೆರಡು. ಕೊನೆಗೆ, ಪಟ್ಟಿಯಲ್ಲಿಲ್ಲದ ಇಪ್ಪತ್ತಮೂರನೆಯದರ ತಲೆ ಮುಟ್ಟಲು ಕೌದಿಯೊಳಗೆ ಕೈ ಹಾಕಿದಳು.

ದಿಂಬು ಅವಳ ಕೈಯಲ್ಲಿ ಕುಸಿಯಿತು.

ಮೇಘಶ್ರೀ ಕೌದಿಯನ್ನು ಬಿಡಿಸಿದಳು, ಮಡಿಸಿದಳು, ಮತ್ತೆ ಬಿಡಿಸಿದಳು. ಆಮೇಲೆ ಊರ ಕಡೆ ಓಡಿದಳು. ಮುಳ್ಳಿನ ಹತ್ತಿರ ತಿಮ್ಮಪ್ಪ ಗೌಡರು ಅಡ್ಡ ನಿಂತಿದ್ದರು.

“ಒತ್ತು ಮುಳುಗೋಗಂಟ ಒಳೀಕ್ ಯಾರೂ ಓಗಂಗಿಲ್ಲ ಕಣವ್ವ. ಊರ್ಗೇ ಕೇಡು.”

“ಒಳಗಿರೋದು ನನ್ನ ಮಗು ಮಾವಾ!”

ಹಿಂದಿನಿಂದ ಯಾರೋ ಅಂದರು: “ನಾಳೀಕ್ ಇನ್ನೊಂದ್ ಎಣ ಬಿದ್ರೆ ಯಾರ್ ತಲೆ ಮ್ಯಾಲ್ ಆಕ್ತೀರಿ?”

“ನನ್ ತಲೆ ಮ್ಯಾಲಾಕಿ,” ಎಂದಳು ಹೊನ್ನಕ್ಕ, ಸೀರೆ ಎತ್ತಿ ಕಟ್ಟಿ ಮುಳ್ಳು ಸರಿಸುತ್ತಾ. “ಇಪ್ಪತ್ತೈದ್ ವರ್ಸ ನಿಮ್ ಮಕ್ಕಳ ಕೂಗಾಟ ತಡ್ಕಂಡಿರೋ ತಲೆ ಗೌಡ್ರೇ, ಇದ್ನೂ ತಡೀತದೆ.”

ಗೌಡರು ಪಕ್ಕಕ್ಕೆ ಸರಿದರು. “ಒಳೀಕ್ ಓದೋರು ತಮಟೆ ಕೇಳೋಗಂಟ ಆಚೀಕ್ ಬರ್ಬ್ಯಾಡಿ. ಒಳಗಿರೋದ್ನ ಬೆನ್ನಿಗಂಟುಸ್ಕಂಡ್ ಬರ್ಬ್ಯಾಡಿ” ಎಂದಷ್ಟೇ ಹೇಳಿದರು.

ಮೋಡ ಮುಚ್ಚಿದ ಮಧ್ಯಾಹ್ನ. ನೆರಳೂ ಇರಲಿಲ್ಲ. ಬೀದಿಯ ಎರಡು ಕಡೆಯೂ ಬಾಗಿಲುಗಳೆಲ್ಲ ತೆರೆದುಕೊಂಡು, ಒಳಗೆ ಬರೀ ಕಪ್ಪು. ಒಂದು ನಾಯಿಯೂ ಬೊಗಳಲಿಲ್ಲ. ಎಲ್ಲಿಯೂ ಹೊಗೆಯಿಲ್ಲ. ಹೊನ್ನಕ್ಕನಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಬೀದಿ, ಆದರೂ ಒಂದೊಂದು ಬಾಗಿಲು ದಾಟುವಾಗಲೂ ಒಳಗಿನಿಂದ ಯಾರೋ ತನ್ನನ್ನು ಎಣಿಸುತ್ತಿದ್ದಾರೆ ಅನ್ನಿಸಿತು.

ಅಷ್ಟರಲ್ಲಿ ಹಾಡು ಕೇಳಿಸಿತು. ಫೋನಿನಲ್ಲಿ ಬರುವಂಥ ಮಕ್ಕಳ ಹಾಡು, ಗೆಜ್ಜೆ ಸದ್ದಿನ ಹಾಗೆ ಕಿಣಿಕಿಣಿ. ಸತ್ತ ಊರಿನ ನಡುವೆ ಒಂದೇ ಸಾಲು, ಮತ್ತೆ ಮತ್ತೆ. “ನಮ್ಮನೆ ಕಡೆಯಿಂದ!” ಎಂದು ಮೇಘಶ್ರೀ ಓಡಿದಳು. ಜಗಲಿ ಹತ್ತುವಷ್ಟರಲ್ಲಿ ಹಾಡು ಸಾಲಿನ ನಡುವೆಯೇ ಕತ್ತರಿಸಿ ಹೋಯಿತು. ಬ್ಯಾಟರಿ ಮುಗಿದಿರಬೇಕು. ಅದರ ಹಿಂದೆ ಬಂದ ನಿಶ್ಶಬ್ದ ಹಾಡಿಗಿಂತ ಜೋರಾಗಿತ್ತು.

“ಅನೂ... ಅನೂ ಪುಟ್ಟಾ...” ಮೇಘಶ್ರೀ ನಡುಮನೆಯಲ್ಲಿ ಕೂಗಿ ಅಡುಗೆಮನೆಗೆ ಓಡಿದಳು. “ಅನೂ... ಅನೂ...” ಅಲ್ಲಿಂದ ಬಚ್ಚಲಿಗೆ, ಅಲ್ಲಿಂದ ಹಿತ್ತಿಲಿಗೆ. ಮಂಚದ ಕೆಳಗೆ ನೋಡಿದಳು, ಹಿತ್ತಿಲಿನ ನೀರಿನ ತೊಟ್ಟಿಗೆ ಬಗ್ಗಿ ಕಣ್ಣು ಮುಚ್ಚಿ, ಮತ್ತೆ ಕಣ್ಣು ಬಿಟ್ಟು ನೋಡಿದಳು. ಬರೀ ನೀರು. ಎಲ್ಲಿಯೂ ಓಗೊಡುವವರಿಲ್ಲ. ಅವಳ ದನಿ ಒಡೆದುಹೋಗಿತ್ತು.

ಹೊನ್ನಕ್ಕ ನಡುಮನೆಯಲ್ಲೇ ನಿಂತಿದ್ದಳು. ಮನೆಯಲ್ಲಿ ಮಗು ಇದ್ದರೆ ಗಾಳಿಗೆ ಒಂದು ತೂಕ ಇರುತ್ತದೆ, ಅದು ಇಲ್ಲಿತ್ತು. ಕಾದು ಕೂತ ಮಗು. ಏನನ್ನು ಕಾಯುತ್ತಿದೆ? ಕಿಟಕಿಯ ಆಚೆ ನಿಂತು ಕೇಳಿದ ಬೆಟ್ಟಮ್ಮನ ಮಾತು ಆಗ ನೆನಪಾಯಿತು. ಅವಳು ಮೇಘಶ್ರೀಯ ಮುಂಗೈ ಹಿಡಿದು ನಿಲ್ಲಿಸಿದಳು.

“ಓಡ್ಬ್ಯಾಡಿ. ಇಲ್ಲೇ ನಿಂತ್ಕಂಡು ಕೂಗಿ.”

“ಕೂಗ್ತಾನೇ ಇದೀನಲ್ಲ ಮಿಸ್!”

“ಎಲ್ಲಾ ಕಡೇನೂ ಎರಡೆರಡೇ ಸಲ ಕೂಗಿದ್ರಿ. ನಿಮ್ಮತ್ತೆ ಏಳ್ಕೊಟ್ಟಿರೋದು ಮರ್ತ್ರಾ? ಒಂದೇ ಕಡೆ ನಿಂತು ಮೂರ್ ಸಲ ಕೂಗಿ.”

ಮೇಘಶ್ರೀ ಅವಳ ಮುಖ ನೋಡಿದಳು. ತುಟಿ ಒದ್ದೆ ಮಾಡಿಕೊಂಡಳು. “ಅನೂ” ಎಂದಳು. “ಅನೂ.” ಹೊನ್ನಕ್ಕ ಉಸಿರು ಹಿಡಿದಳು. “ಅನೂ.”

“ಓ...”

ಕತ್ತಲೆಕೋಣೆಯಿಂದ ಬಂತು, ಬಲು ಹತ್ತಿರದಿಂದ, ಬಲು ಮೆತ್ತಗೆ. ಕೋಣೆಯ ಮೂಲೆಯಲ್ಲಿ ಹಳೆಯ ಬಿದಿರಿನ ಕಣಜ ಅಡ್ಡ ಬಿದ್ದಿತ್ತು, ಬಾಯಿ ಗೋಡೆಯ ಕಡೆಗೆ. ಇಬ್ಬರೂ ಅದನ್ನು ಹೊರಳಿಸಿದರು. ಒಳಗೆ ಗೋಣಿಚೀಲ ಹಾಸಿ, ಬೆಲ್ಲದ ಚೂರು, ನೀರಿನ ಬಾಟಲಿ ಇಟ್ಟು ಯಾರೋ ಗೂಡು ಮಾಡಿಕೊಟ್ಟಿದ್ದರು. ಸೊಸೆಯ ಕಣ್ಣು ತಪ್ಪಿಸಿ ಮೊಮ್ಮಗಳಿಗೆ ಫೋನು ಕೊಡಲು ಬೆಟ್ಟಮ್ಮ ಕಂಡುಕೊಂಡ ಜಾಗ ಅದು. ಅನುಶ್ರೀ ಮೊಣಕಾಲು ಮಡಿಸಿ ಕೂತಿದ್ದಳು. ಕೈಯಲ್ಲಿದ್ದ ಫೋನು ಸತ್ತು ಕಪ್ಪಾಗಿತ್ತು. ಆ ಕಪ್ಪಿನ ಮೇಲೆ ಹೆಬ್ಬೆರಳು ಇನ್ನೂ ಸರಿಯುತ್ತಲೇ ಇತ್ತು.

ಮೇಘಶ್ರೀ ಮಗಳನ್ನು ಸೆಳೆದುಕೊಂಡು ಅಲ್ಲೇ ಕುಸಿದಳು. “ನಾವು ಕೂಗಿದ್ದು ಕೇಳಿಸ್ಲಿಲ್ವಾ ಕಂದ?”

“ಕೇಳಿಸ್ತು. ಗುಮ್ಮ ಅಂತ ಸುಮ್ನಿದ್ದೆ.” ಮಗು ಸ್ವಲ್ಪ ಯೋಚಿಸಿತು. “ಬೆಳಿಗ್ಗೇನೂ ಬಂದಿತ್ತಮ್ಮ. ಬಾಗ್ಲಲ್ಲಿ ನಿಂತ್ಕೊಂಡಿತ್ತು.”

“ಯಾರು?”

“ಅನೂ... ಬಾರವ್ವಾ, ಅಂತು. ಎರಡೇ ಸಲ. ನಾನು ಓಗೊಡ್ಲಿಲ್ಲ. ಆಮೇಲೆ ಪಕ್ಕದ್ಮನೇಲಿ ಕೂಗ್ತು.”

ನಂಜಮ್ಮ ಆ ಬಾಗಿಲಲ್ಲಿ ಕೂಗುವುದನ್ನು ನಿಲ್ಲಿಸಿದಾಗ ಈ ಮಗುವಿಗೆ ಎರಡೂವರೆ ವರ್ಷ. ಮೇಘಶ್ರೀ ಹೊನ್ನಕ್ಕನ ಕಡೆ ನೋಡಿದಳು. ಹೊನ್ನಕ್ಕ ಕಣಜದ ಒಳಗಿನ ಬೆಲ್ಲದ ಚೂರುಗಳನ್ನು ಆರಿಸುತ್ತಿದ್ದಳು, ಒಂದೊಂದಾಗಿ, ತಲೆ ಎತ್ತದೆ.

ತಮಟೆ ಕೇಳುವವರೆಗೂ ಆಚೆ ಹೋಗುವಂತಿಲ್ಲ. ಒಲೆಯಿಲ್ಲ, ದೀಪವಿಲ್ಲ, ಫೋನಿಲ್ಲ. ಮಗು ಫೋನಿಗೆ ಅಳಲು ಶುರು ಮಾಡಿತು, ಉಸಿರು ಕಟ್ಟುವ ಅಳು. ಮೇಘಶ್ರೀ ಕೈ ಕೈ ಹಿಸುಕಿಕೊಂಡಳು. ಹೊನ್ನಕ್ಕ ಮಗುವಿನ ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ದಳು. ಬರಿಗಾಲನ್ನು ಒದ್ದೆ ಮಣ್ಣಿನ ಮೇಲೆ ಇಡಿಸಿದಳು. ಅಳು ಅರ್ಧಕ್ಕೆ ನಿಂತಿತು. ಮಗು ತನ್ನ ಕಾಲನ್ನೇ ಬೆರಗಿನಿಂದ ನೋಡಿಕೊಂಡಿತು. ಒಂದು ಹೆಜ್ಜೆ ಇಟ್ಟು, ತಿರುಗಿ ಅದರ ಗುರುತು ನೋಡಿತು. ಇನ್ನೊಂದು ಇಟ್ಟಿತು. ಖಾಲಿ ಊರಿನ ಆ ಹಿತ್ತಿಲಿನಲ್ಲಿ ಮುಕ್ಕಾಲು ತಾಸು ಬಿದ್ದು ಎದ್ದು ನಡೆಯಿತು, ಕೊನೆಗೆ ಹತ್ತು ಮಾರು ಓಡಿತು. ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ನೋಡುತ್ತಿದ್ದಳು. “ಕಾಲು ತೊಳೆಸ್ಲಾ ಮಿಸ್?” ಎಂದು ಎರಡು ಸಲ ಕೇಳಿದಳು. “ಇರ್ಲಿ ಬುಡಿ” ಎಂದಳು ಹೊನ್ನಕ್ಕ.

ನಡುಮನೆಯಲ್ಲಿ ಚಾಪೆ ಹಾಸಿದಳು. ಮಣ್ಣುಗಾಲಿನ ಮಗುವನ್ನು ಮಲಗಿಸಿ, ಕಿವಿಯ ತುದಿ ಹಿಡಿದು ನೋಡಿದಳು, ಅದಲ್ಲ. ಬೆನ್ನು ನೀವಿದಳು, ಅದೂ ಅಲ್ಲ. ಅಂಗಾಲು ಒತ್ತಿದಾಗ ಮಗುವಿನ ಮೈ ಸಡಿಲವಾಯಿತು. ಹೊನ್ನಕ್ಕ ಹಾಜರಿ ಶುರು ಮಾಡಿದಳು. ಧನುಶ್ರೀ... ಕೀರ್ತಿರಾಜ... ಗೌರೀಶ... ಹದಿನಾರು ತಿಂಗಳಿನಿಂದ ಹೇಳದ ಪಟ್ಟಿ, ಒಂದು ಹೆಸರೂ ಮರೆತಿರಲಿಲ್ಲ. ಇಪ್ಪತ್ತೆರಡು ಮುಗಿದ ಮೇಲೆ ಒಂದನ್ನು ಸೇರಿಸಿದಳು. ಅನುಶ್ರೀ. ಹೆಸರು ಬರುತ್ತಲೇ ಮಗು ಕಣ್ಣು ಮುಚ್ಚಿತು. ಅದರ ಪಕ್ಕದಲ್ಲೇ ತಾಯಿಯೂ ನಿದ್ದೆ ಹೋದಳು.

ಹೊನ್ನಕ್ಕ ಒಬ್ಬಳೇ ಎಚ್ಚರವಿದ್ದಳು. ತೆರೆದ ಬಾಗಿಲಾಚೆ ಬೀದಿ ಬೂದಿ ಬಣ್ಣದಲ್ಲಿ ಬಿದ್ದಿತ್ತು.

ಆಗ ಬೀದಿಯ ಆ ತುದಿಯಿಂದ ಕೂಗು ಶುರುವಾಯಿತು. ಸರಿಯಾಗಿ ಕೇಳಿಸದಷ್ಟು ದೂರ. ಒಂದು ಬಾಗಿಲಲ್ಲಿ ಎರಡು ಸಲ. ಮುಂದಿನ ಬಾಗಿಲಲ್ಲಿ ಎರಡು ಸಲ. ಅವಸರವಿಲ್ಲದೆ, ಕೆಲಸದ ಹಾಗೆ. ಹತ್ತಿರ ಬರುತ್ತಾ ಬರುತ್ತಾ ಹೆಸರುಗಳು ಬಿಡಿಬಿಡಿಯಾದವು. ದನಿಗೆ ಅದೇ ಸಣ್ಣ ಕೆಮ್ಮು. ಜಗಲಿಯ ಹತ್ತಿರ ನಿಂತಿತು. ಹೊನ್ನಕ್ಕ ಬಾಗಿಲ ಕಡೆ ನೋಡಲಿಲ್ಲ. ನೋಡಬೇಕೆಂಬ ಆಸೆ ಎಷ್ಟಿತ್ತೆಂದರೆ ಕತ್ತು ನೋಯುತ್ತಿತ್ತು.

“ಅನೂ... ಬಾರವ್ವಾ.”

ಮಗು ನಿದ್ದೆಯಲ್ಲೇ ಮಿಸುಕಿತು.

“ಅನೂ... ಬಾರವ್ವಾ.”

ಮಗುವಿನ ತುಟಿ ತೆರೆಯಿತು. ಹೊನ್ನಕ್ಕ ಅದರ ಮೇಲೆ ತನ್ನ ಅಂಗೈ ಮೆಲ್ಲಗೆ ಇಟ್ಟಳು. ತಾನು ಓಗೊಡಲಿಲ್ಲ. ಬಾಗಿಲಿಗೆ ಬೆನ್ನು ಹಾಕಿಕೊಂಡೇ, ಸಹಾಯಕಿಗೆ ಟೀಚರು ಹೇಳುವ ದನಿಯಲ್ಲಿ ಹೇಳಿದಳು:

“ಇವತ್ತು ರಜ ಕಣ್ ನಂಜಕ್ಕ. ಇನ್ನೂ ಬಾಗ್ಲು ತೆಗ್ದಿಲ್ಲ. ಈ ಮಗ ಈಗ್ ತಾನೆ ಮನಿಕ್ಕಂಡದೆ, ಎಬ್ಬುಸ್ಬ್ಯಾಡ. ತೆಗ್ದಾಗ ಎಲ್ಲಾರ್ನೂವೆ ನಾನೇ ಕೂಗ್ಕತ್ತೀನಿ. ನೀನೂ ಓಗಿ ಮನಿಕ್ಕ.”

ಮೂರನೆಯ ಕೂಗು ಬರಲಿಲ್ಲ. ಪಕ್ಕದ ಮನೆಯಲ್ಲೂ ಬರಲಿಲ್ಲ.

ಸಂಜೆ ದ್ಯಾವಯ್ಯನ ತಮಟೆ ಊರ ಬಾಯಿಂದ ಬಡಿದುಕೊಂಡು ಬಂತು. ಹಿಂದೆಯೇ ದನ, ಕೋಳಿ, ಜನ, ಕೇಕೆ. ಬೆಟ್ಟಮ್ಮ ಎದೆ ಬಡಿದುಕೊಳ್ಳುತ್ತಾ ಒಳಗೆ ಬಂದಳು. ಅಷ್ಟು ಸದ್ದಿಗೂ ಅನುಶ್ರೀ ಏಳಲಿಲ್ಲ. ಅವಳು ಎದ್ದದ್ದು ಮರುದಿನ ಬೆಳಕು ಹರಿದ ಮೇಲೆ, ಕಾಲಿಗೆ ಒಣಗಿದ ಮಣ್ಣು ಮೆತ್ತಿಕೊಂಡೇ.